ಗ್ನೂಕ್ಯಾಶ್ 5: ಲೆಕ್ಕ ಪಕ್ಕಾ, ಎಂಟ್ರಿ ಮಾತ್ರ ಮೊದಲಿನಷ್ಟು ಸಲೀಸಲ್ಲ

ಮನೆ ಲೆಕ್ಕವನ್ನು ಎರಡೂ ಬದಿ ತಾಳೆಯಾಗುವಂತೆ ಬರೆದಿಡಬೇಕು ಅನ್ನುವವರಿಗೆ ಗ್ನೂಕ್ಯಾಶ್‌ನಷ್ಟು ನಂಬಿಕೆಯ ಉಚಿತ ಸಾಫ್ಟ್‌ವೇರ್ ಸಿಗುವುದು ಕಷ್ಟ. ಪ್ರತಿ ರೂಪಾಯಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎರಡನ್ನೂ ಅದು ಬರೆಸಿಕೊಳ್ಳುತ್ತದೆ. 5ನೇ ಸರಣಿಯಲ್ಲೂ ಆ ಶಿಸ್ತು ಸಡಿಲವಾಗಿಲ್ಲ. ಆದರೆ ಹಳೆಯ ಆವೃತ್ತಿಯಲ್ಲಿ ಕಣ್ಣು ಬಿಲ್ಲಿನ ಮೇಲಿಟ್ಟು, ಬೆರಳಿನ ನೆನಪಿನಲ್ಲೇ ಸಾಲು ಸಾಲಾಗಿ ಎಂಟ್ರಿ ಹೊಡೆಯುತ್ತಿದ್ದವರಿಗೆ ಅಪ್‌ಗ್ರೇಡ್ ಆದ ಮೊದಲ ವಾರ ಕೈ ಕಟ್ಟಿಹಾಕಿದಂತಾಗುತ್ತದೆ. ಈ ವಿಮರ್ಶೆ ಆ ಒಂದು ವಿಷಯದ ಬಗ್ಗೆ: ರಿಜಿಸ್ಟರ್‌ನಲ್ಲಿ, ಅಂದರೆ ಒಂದು ಖಾತೆಯ ವಹಿವಾಟುಗಳನ್ನು ಸಾಲಾಗಿ ಬರೆಯುವ ಪುಟದಲ್ಲಿ, ಎಂಟ್ರಿ ಹಾಕುವ ಕೆಲಸ ಎಲ್ಲಿ ನಿಧಾನವಾಗಿದೆ, ಯಾಕೆ, ಅದರಲ್ಲಿ ಎಷ್ಟನ್ನು ಸೆಟ್ಟಿಂಗ್ ಬದಲಿಸಿ ವಾಪಸ್ ಪಡೆಯಬಹುದು.

ಗ್ನೂಕ್ಯಾಶ್ 2.6 ಬಂದದ್ದು 2013ರ ಡಿಸೆಂಬರ್‌ನಲ್ಲಿ, 3.0 ಬಂದದ್ದು 2018ರ ಏಪ್ರಿಲ್‌ನಲ್ಲಿ. ಪರದೆಯ ಚಿತ್ರಣವೆಲ್ಲ ಜಿಟಿಕೆ 2ರಿಂದ ಜಿಟಿಕೆ 3ಕ್ಕೆ ಬದಲಾದದ್ದು ಆಗಲೇ (ಕಿಟಕಿ, ಗುಂಡಿಗಳನ್ನು ಪರದೆಯ ಮೇಲೆ ಮೂಡಿಸುವ ಸಾಫ್ಟ್‌ವೇರ್ ಜಿಟಿಕೆ). ಸಾಲುಗಳ ಎತ್ತರ, ಅಕ್ಷರದ ಗಾತ್ರ, ಬಣ್ಣ ಎಲ್ಲವೂ ಹೊಸದಾಯಿತು. 2020ರ ಜೂನ್‌ನಲ್ಲಿ 4.0, 2023ರ ಮಾರ್ಚ್‌ನಲ್ಲಿ 5.0. ಎಷ್ಟೋ ಜನ ಇದನ್ನು ಬೇಕೆಂದು ಅಪ್‌ಗ್ರೇಡ್ ಮಾಡಿಕೊಂಡವರೇ ಅಲ್ಲ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 20.04ರ ಜೊತೆ 3ನೇ ಸರಣಿ, 22.04ರ ಜೊತೆ 4, 24.04ರ ಜೊತೆ 5 ಬರುತ್ತದೆ. ಕಂಪ್ಯೂಟರಿನ ವ್ಯವಸ್ಥೆ ಬದಲಾಯಿಸಿದ ದಿನವೇ ಲೆಕ್ಕದ ಪುಸ್ತಕವೂ ಬದಲಾಗಿರುತ್ತದೆ, ಅದು ಗೊತ್ತಾಗುವುದು ಮೊದಲ ಎಂಟ್ರಿ ಹಾಕುವಾಗ.

ಅತಿ ದೊಡ್ಡ ಬದಲಾವಣೆ ಡಿಸ್ಕ್ರಿಪ್ಷನ್ ಕಾಲಮ್ಮಿನಲ್ಲಿದೆ. 4ನೇ ಸರಣಿಯವರೆಗೆ ಅಲ್ಲಿ ‘ಬೆಸ್’ ಎಂದು ಹೊಡೆದರೆ ಉಳಿದ ಅಕ್ಷರಗಳು ಅದೇ ಪೆಟ್ಟಿಗೆಯಲ್ಲಿ ತಾವಾಗಿ ತುಂಬಿಕೊಂಡು ‘ಬೆಸ್ಕಾಂ’ ಆಗುತ್ತಿತ್ತು. ಟ್ಯಾಬ್ ಒತ್ತಿದರೆ ಹಿಂದಿನ ತಿಂಗಳ ವಿದ್ಯುತ್ ಬಿಲ್ಲಿನ ಇಡೀ ಎಂಟ್ರಿ ಇಳಿದುಬರುತ್ತಿತ್ತು. ಮೊತ್ತ ತಿದ್ದಿ ಎಂಟರ್ ಒತ್ತಿದರೆ ಮುಗಿಯಿತು. ಪರದೆ ನೋಡುವ ಅಗತ್ಯವೇ ಇರಲಿಲ್ಲ. 5ರಲ್ಲಿ ಇದರ ಬದಲು, ಕೆಲವು ಅಕ್ಷರ ಹೊಡೆದ ಮೇಲೆ ಕೆಳಗೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಹೊಂದುವ ಹಳೆಯ ವಿವರಣೆಗಳೆಲ್ಲ ಅದರಲ್ಲಿರುತ್ತವೆ, ಹೊಂದಿದ ಭಾಗ ದಪ್ಪಕ್ಷರದಲ್ಲಿ ಕಾಣುತ್ತದೆ. ಮೇಲ್ತುದಿಯಲ್ಲಿ ‘ಆಟೋಕಂಪ್ಲೀಟ್ ಬೇಡ’ ಎಂಬರ್ಥದ ಒಂದು ಸಾಲೂ ಇರುತ್ತದೆ. ಬಾಣದ ಕೀಯಿಂದ ಬೇಕಾದ ಸಾಲಿಗೆ ಹೋಗಿ ಆರಿಸಿಕೊಳ್ಳಬೇಕು. ಒಂದೆರಡು ಕೀ ಜಾಸ್ತಿ ಒತ್ತುವುದು ದೊಡ್ಡ ಕಷ್ಟವೇನಲ್ಲ. ಕಣ್ಣು ಪ್ರತಿ ಸಲವೂ ಕಾಗದದಿಂದ ಪರದೆಗೆ ಬರಬೇಕಾಗಿರುವುದು ಕಷ್ಟ. ತಿಂಗಳ ಕೊನೆಗೆ ಬಿಲ್ಲಿನ ಕಟ್ಟು ಹಿಡಿದು ಕೂರುವವರ ವೇಗ ಬೀಳುವುದು ಇಲ್ಲೇ.

ಹಾಗೆಂದು ಹೊಸ ವಿಧಾನವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಳೆಯದು ಹೆಸರಿನ ಮೊದಲ ಅಕ್ಷರದಿಂದ ಮಾತ್ರ ಹುಡುಕುತ್ತಿತ್ತು. ಹೊಸದು ಹೆಸರಿನ ನಡುವೆ ಎಲ್ಲಿದ್ದರೂ ಹುಡುಕುತ್ತದೆ. ನಮ್ಮ ಊರುಗಳಲ್ಲಿ ಅರ್ಧ ಅಂಗಡಿಗಳ ಹೆಸರು ‘ಶ್ರೀ’ಯಿಂದ ಶುರುವಾಗುತ್ತದೆ. ಶ್ರೀ ಮಂಜುನಾಥ ಪ್ರಾವಿಜನ್ ಸ್ಟೋರ್ಸ್, ಶ್ರೀ ವೆಂಕಟೇಶ್ವರ ಮೆಡಿಕಲ್ಸ್, ಶ್ರೀ ಗುರು ಟೆಕ್ಸ್‌ಟೈಲ್ಸ್ ಮೂರೂ ಲೆಕ್ಕದಲ್ಲಿದ್ದರೆ ಹಳೆಯ ಆವೃತ್ತಿಯಲ್ಲಿ ‘ಶ್ರೀ’ ದಾಟಿ ಮುಂದಿನ ಹೆಸರಿನ ಒಂದೆರಡು ಅಕ್ಷರ ಹೊಡೆಯದೆ ಸರಿಯಾದದ್ದು ಬರುತ್ತಿರಲಿಲ್ಲ. ಈಗ ‘ಮೆಡಿ’ ಎಂದರೆ ಸಾಕು. ಇದು ನಿಜವಾದ ಲಾಭ. ಅದೇ ಗುಣವೇ ತೊಂದರೆಯನ್ನೂ ತರುತ್ತದೆ: ‘ಸ್ಟೋರ್’ ಎಂದು ಹೊಡೆದರೆ ಊರಿನ ಅಂಗಡಿಗಳೆಲ್ಲ ಪಟ್ಟಿಯಲ್ಲಿ ಬಂದು ನಿಲ್ಲುತ್ತವೆ.

ಪಟ್ಟಿ ಎಷ್ಟು ಅಕ್ಷರದ ನಂತರ ತೆರೆಯಬೇಕು ಎಂಬುದನ್ನು ಸೆಟ್ಟಿಂಗ್‌ಗಳ ಕಿಟಕಿಯಾದ ಪ್ರಿಫರೆನ್ಸಸ್‌ನ ರಿಜಿಸ್ಟರ್ ಭಾಗದಲ್ಲಿ ಬದಲಿಸಬಹುದು. ಹತ್ತು ವರ್ಷದ ಲೆಕ್ಕ ಇರುವ ಫೈಲಿಗೆ 4 ಅಕ್ಷರ ಇಡುವುದು ಒಳ್ಳೆಯದು. ಪಟ್ಟಿ ಚಿಕ್ಕದಾಗುತ್ತದೆ, ಬೇಕಾದ ಹೆಸರು ಬೇಗ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಉಪಾಯ, ಪದೇ ಪದೇ ಬರುವ ಹೆಸರುಗಳಿಗೆ ಬೇರೆಲ್ಲೂ ಬಾರದ ಒಂದು ಚಿಕ್ಕ ಗುರುತು ಸೇರಿಸುವುದು. ‘ವಿದ್ಯುತ್ ಬಿಲ್ ಕ್ಯೂಬಿ’ ಎಂದಿಟ್ಟರೆ ‘ಕ್ಯೂಬಿ’ ಹೊಡೆದಾಗ ಆ ಒಂದೇ ಸಾಲು ಬರುತ್ತದೆ. ಹಳೆಯ ಎಂಟ್ರಿಗಳನ್ನೆಲ್ಲ ತಿದ್ದಬೇಕಿಲ್ಲ, ಇತ್ತೀಚಿನ ಒಂದರಲ್ಲಿ ಗುರುತು ಹಾಕಿದರೆ ಮುಂದಿನವು ಅದನ್ನೇ ಹಿಡಿಯುತ್ತವೆ.

ಹಳೆಯ ಎಂಟ್ರಿಯನ್ನು ಎಳೆದು ತರುವಾಗ ಮೊತ್ತವೂ ಜೊತೆಗೇ ಬರುತ್ತದೆ ಎಂಬುದನ್ನು ಮರೆಯಬಾರದು. ಹಾಲಿನ ಲೆಕ್ಕಕ್ಕೆ ಹೋದ ತಿಂಗಳ 1,740 ಬಂದು ಕೂತಿರುತ್ತದೆ. ತಿದ್ದದೆ ಎಂಟರ್ ಹೊಡೆದರೆ ಅದೇ ದಾಖಲಾಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ಟ್ಯಾಬ್, ಎಂಟರ್

ಅಪ್‌ಗ್ರೇಡ್ ಆದಾಗ ಪ್ರಿಫರೆನ್ಸಸ್ ಹೊಸದಕ್ಕೆ ವರ್ಗವಾಗಬೇಕು. ಎಲ್ಲ ಸಲವೂ ಆಗುವುದಿಲ್ಲ, ಅದರಲ್ಲೂ ಹೊಸ ಕಂಪ್ಯೂಟರಿಗೆ ಲೆಕ್ಕದ ಫೈಲನ್ನಷ್ಟೇ ಕಾಪಿ ಮಾಡಿಕೊಂಡಿದ್ದರೆ ಖಂಡಿತ ಆಗುವುದಿಲ್ಲ. ಯಾಕೆಂದರೆ ಈ ಸೆಟ್ಟಿಂಗ್‌ಗಳು ಲೆಕ್ಕದ ಫೈಲಿನೊಳಗೆ ಇರುವುದೇ ಇಲ್ಲ. ಲಿನಕ್ಸ್‌ನಲ್ಲಿ ಜಿಸೆಟ್ಟಿಂಗ್ಸ್, ವಿಂಡೋಸ್‌ನಲ್ಲಿ ರಿಜಿಸ್ಟ್ರಿ ಎಂಬ ಕಂಪ್ಯೂಟರಿನದೇ ಸಂಗ್ರಹದಲ್ಲಿ ಇರುತ್ತವೆ. ಕಾಲಮ್ಮುಗಳ ಅಗಲ ಮತ್ತು ತೆರೆದಿಟ್ಟ ಟ್ಯಾಬ್‌ಗಳ ವಿವರವೂ ಬೇರೆಯೇ ಒಂದು ಫೈಲಿನಲ್ಲಿ, ಬಳಕೆದಾರರ ಫೋಲ್ಡರಿನೊಳಗೆ ಇರುತ್ತದೆ. ಆದ್ದರಿಂದ ‘ಎಂಟರ್ ಒತ್ತಿದರೆ ಕರ್ಸರ್ ಎಲ್ಲೆಲ್ಲೋ ಹೋಗುತ್ತದೆ’ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಹೊಸ ಆವೃತ್ತಿಯ ದೋಷವಲ್ಲ. ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಿರುತ್ತದೆ ಅಷ್ಟೆ.

ರಿಜಿಸ್ಟರ್ ಭಾಗದಲ್ಲಿ ಮೊದಲು ನೋಡಬೇಕಾದದ್ದು ಎಂಟರ್ ಒತ್ತಿದಾಗ ಖಾಲಿ ಸಾಲಿಗೆ ಹೋಗಬೇಕೆ ಎಂಬ ಟಿಕ್ ಗುರುತು. ಅದು ಇಲ್ಲದಿದ್ದರೆ ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತದೆ. ಹಳೆಯ ದಿನಾಂಕದ ಎಂಟ್ರಿ ಹಾಕಿದಾಗ ಆ ಸಾಲು ದಿನಾಂಕದ ಕ್ರಮದಲ್ಲಿ ಮೇಲಕ್ಕೆ ಸರಿಯುತ್ತದೆ, ಅದರ ಕೆಳಗಿನ ಸಾಲೆಂದರೆ ಈಗಾಗಲೇ ಬರೆದಿಟ್ಟ ಇನ್ಯಾವುದೋ ಎಂಟ್ರಿ. ನೋಡದೆ ಹೊಡೆಯುತ್ತಾ ಹೋದರೆ ಅದರ ಮೇಲೆಯೇ ಬರೆದಂತಾಗುತ್ತದೆ. ಬಿಲ್ಲುಗಳನ್ನು ಒಟ್ಟಾಗಿ ಹಾಕುವವರು ಈ ಗುರುತನ್ನು ಹಾಕಿಟ್ಟುಕೊಳ್ಳಲೇಬೇಕು.

ಎರಡನೆಯದು, ನೆನಪಿನಿಂದ ಬಂದ ಎಂಟ್ರಿಯಲ್ಲಿ ಟ್ಯಾಬ್ ಒತ್ತಿದಾಗ, ಎದುರು ಖಾತೆಯ ಹೆಸರು ಬರೆಯುವ ಟ್ರಾನ್ಸ್‌ಫರ್ ಕಾಲಮ್ಮಿನಲ್ಲಿ ನಿಲ್ಲಬೇಕೆ ಎಂಬುದು. ಗುರುತು ಇಲ್ಲದಿದ್ದರೆ ಕರ್ಸರ್ ಡಿಸ್ಕ್ರಿಪ್ಷನ್‌ನಿಂದ ನೇರ ಮೊತ್ತಕ್ಕೆ ಜಿಗಿಯುತ್ತದೆ. ಒಂದು ಅಂಗಡಿಯಲ್ಲಿ ಯಾವಾಗಲೂ ಒಂದೇ ಬಗೆಯ ಖರ್ಚಾದರೆ ಇದೇ ವೇಗ. ಒಂದೇ ಸೂಪರ್‌ಮಾರ್ಕೆಟ್‌ನಲ್ಲಿ ಒಮ್ಮೆ ದಿನಸಿ, ಒಮ್ಮೆ ಬಟ್ಟೆ, ಒಮ್ಮೆ ಪಾತ್ರೆ ಕೊಳ್ಳುವವರು ಗುರುತು ಹಾಕಿಕೊಳ್ಳಲಿ. ಇಲ್ಲವಾದರೆ ಬಟ್ಟೆಯ ದುಡ್ಡು ಸದ್ದಿಲ್ಲದೆ ದಿನಸಿ ಖಾತೆಗೆ ಸೇರುತ್ತಾ ಹೋಗುತ್ತದೆ.

ಖಾತೆಯ ಹೆಸರು ಹೊಡೆಯುವಾಗ ಪ್ರತಿ ಹಂತಕ್ಕೂ ಕೋಲನ್ ಒತ್ತಿ ಮುಂದೆ ಹೋಗುವ ಹಳೆಯ ಕ್ರಮ ಈಗಲೂ ನಡೆಯುತ್ತದೆ. ಎಕ್ಸ್‌ಪೆನ್ಸಸ್‌ನ ಮೊದಲ ಅಕ್ಷರ, ಕೋಲನ್, ಒಳಖಾತೆಯ ಒಂದೆರಡು ಅಕ್ಷರ. ಕೊನೆಯ ಹಂತದ ಹೆಸರನ್ನಷ್ಟೇ ತೋರಿಸುವ ಸೆಟ್ಟಿಂಗ್ ಹಾಕಿಕೊಂಡರೆ ಇನ್ನೂ ಬೇಗ. ಆದರೆ ಆಗ ಎರಡು ಕಡೆ ಒಂದೇ ಹೆಸರಿನ ಖಾತೆ ಇರಬಾರದು. ಎಫ್‌ಡಿಯಿಂದ ಬರುವ ಬಡ್ಡಿಯೂ ‘ಬಡ್ಡಿ’, ಸಾಲಕ್ಕೆ ಕಟ್ಟುವ ಬಡ್ಡಿಯೂ ‘ಬಡ್ಡಿ’ ಎಂದಿದ್ದರೆ ಪಟ್ಟಿಯಲ್ಲಿ ಯಾವುದು ಆದಾಯ, ಯಾವುದು ಖರ್ಚು ತಿಳಿಯುವುದಿಲ್ಲ. ‘ಬಂದ ಬಡ್ಡಿ’, ‘ಕಟ್ಟಿದ ಬಡ್ಡಿ’ ಎಂದು ಮೊದಲೇ ಹೆಸರು ಬದಲಿಸಿ, ಆಮೇಲೆ ಸೆಟ್ಟಿಂಗ್ ಹಾಕಿ.

‘ಉಳಿಸಲೇ, ಬೇಡವೇ’ ಎಂದು ಕೇಳುವ ಎಚ್ಚರಿಕೆಯ ಕಿಟಕಿಗಳು ಹಿಂದೆ ಬೇಡವೆಂದು ಮುಚ್ಚಿಸಿದ್ದರೂ ಮತ್ತೆ ಬರುವುದಕ್ಕೂ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಿರುವುದೇ ಕಾರಣ. ಒಂದೊಂದನ್ನೂ ಮತ್ತೊಮ್ಮೆ ‘ಇನ್ನು ಕೇಳಬೇಡ’ ಎಂದು ಗುರುತಿಸಬೇಕು. ರಿಕನ್ಸೈಲ್ ಆದ ಎಂಟ್ರಿ ಬದಲಿಸುವಾಗ ಬರುವ ಎಚ್ಚರಿಕೆಯನ್ನು ಮಾತ್ರ ಮುಚ್ಚಿಸಬೇಡಿ. ಬ್ಯಾಂಕಿನ ಸ್ಟೇಟ್‌ಮೆಂಟ್‌ನೊಂದಿಗೆ ತಾಳೆಯಾದ ಸಾಲು ಕೈತಪ್ಪಿ ಬದಲಾದರೆ ಮುಂದಿನ ರಿಕನ್ಸೈಲ್‌ನ ಆರಂಭದ ಶಿಲ್ಕೇ ತಪ್ಪುತ್ತದೆ, ಅದನ್ನು ಹುಡುಕಲು ಅರ್ಧ ದಿನ ಬೇಕು.

ದಿನಾಂಕ

ಇಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳದೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ದಿನಾಂಕದ ನಮೂನೆ ‘ಲೊಕೇಲ್’ (ಕಂಪ್ಯೂಟರಿನ ಭಾಷೆ-ದೇಶದ ಸೆಟ್ಟಿಂಗ್‌ನಂತೆ) ಎಂದಿದ್ದು, ಹೊಸ ವ್ಯವಸ್ಥೆ ಅಮೆರಿಕದ ಇಂಗ್ಲಿಷ್‌ನಲ್ಲಿ ಇನ್‌ಸ್ಟಾಲ್ ಆಗಿದ್ದರೆ 5/6 ಎಂದು ಹೊಡೆದದ್ದು ಜೂನ್ 5ರ ಬದಲು ಮೇ 6 ಆಗುತ್ತದೆ. 12 ದಾಟಿದ ದಿನಾಂಕಗಳಲ್ಲಿ ಮಾತ್ರ ಗಡಿಬಿಡಿ ಗೊತ್ತಾಗುತ್ತದೆ. ಪ್ರಿಫರೆನ್ಸಸ್‌ನಲ್ಲಿ ದಿನಾಂಕದ ಭಾಗಕ್ಕೆ ಹೋಗಿ ಯುಕೆ ನಮೂನೆ ಆರಿಸಿಡಿ: ದಿನ, ತಿಂಗಳು, ವರ್ಷ. ಲೊಕೇಲ್ ಏನೇ ಬದಲಾದರೂ ಆಮೇಲೆ ಇದು ಕದಲುವುದಿಲ್ಲ.

ಅದೇ ಜಾಗದಲ್ಲಿ, ವರ್ಷ ಹೊಡೆಯದೆ ಬಿಟ್ಟರೆ ಯಾವ ವರ್ಷ ಎಂದುಕೊಳ್ಳಬೇಕು ಎಂಬ ಆಯ್ಕೆಯಿದೆ. ‘ಈಗಿನ ಕ್ಯಾಲೆಂಡರ್ ವರ್ಷ’ ಎಂದಿದ್ದರೆ ಜನವರಿ 3ರಂದು ಕೂತು 28/12 ಎಂದು ಹೊಡೆದ ಎಂಟ್ರಿ ಮುಂದಿನ ಡಿಸೆಂಬರಿಗೆ ಹೋಗಿ ಕೂರುತ್ತದೆ. ಖಾತೆಯ ಇಂದಿನ ಶಿಲ್ಕಿನಲ್ಲಿ ಅದು ಸೇರುವುದಿಲ್ಲ, ಬ್ಯಾಂಕಿನ ಲೆಕ್ಕಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಬರುತ್ತದೆ. ಇದರ ಬದಲು 12 ತಿಂಗಳ ಜಾರುವ ಅವಧಿ ಆರಿಸಿ, ಎಷ್ಟು ತಿಂಗಳು ಹಿಂದಿನಿಂದ ಎಂಬಲ್ಲಿ 10 ಅಥವಾ 11 ಎಂದು ಕೊಡಿ. ಹಿಂದಿನ ಬಿಲ್ಲು ಹಾಕುವುದೇ ಹೆಚ್ಚು, ಮುಂದಿನ ದಿನಾಂಕದ ಎಂಟ್ರಿ ಕಡಿಮೆ. ಆದ್ದರಿಂದ ಅವಧಿಯ ಹೆಚ್ಚು ಪಾಲು ಹಿಂದಕ್ಕೆ ಇರಲಿ. ಒಂದು ಮಿತಿ ನೆನಪಿರಲಿ: ಐಟಿ ರಿಟರ್ನ್ ತುಂಬುವ ಜುಲೈನಲ್ಲಿ ಹಿಂದಿನ ಹಣಕಾಸು ವರ್ಷದ ಏಪ್ರಿಲ್ ತಿಂಗಳ ಬಿಲ್ಲು ಸಿಕ್ಕಿದರೆ ಅದು 15 ತಿಂಗಳು ಹಿಂದಿನದು. ಆಗ ವರ್ಷವನ್ನು ಕೈಯಲ್ಲೇ ಹೊಡೆಯಬೇಕು.

ದಿನಾಂಕದ ಕಾಲಮ್ಮಿನ ಒಂದಕ್ಷರದ ಕೀಗಳು ಎಲ್ಲ ಆವೃತ್ತಿಯಲ್ಲೂ ಹಾಗೇ ಉಳಿದಿವೆ: ಪ್ಲಸ್ ಒಂದು ದಿನ ಮುಂದೆ, ಮೈನಸ್ ಒಂದು ದಿನ ಹಿಂದೆ, ಚೌಕ ಆವರಣದ ಎರಡು ಕೀಗಳು ಒಂದು ತಿಂಗಳು ಹಿಂದೆ-ಮುಂದೆ, ಟಿ ಎಂದರೆ ಇವತ್ತು, ಎಂ ತಿಂಗಳ ಮೊದಲ ದಿನ, ಎಚ್ ತಿಂಗಳ ಕೊನೆಯ ದಿನ. ಒಂದೇ ಅಂಕಿ ಹೊಡೆದರೆ ಈ ತಿಂಗಳ ಆ ದಿನ.

ಕನ್ನಡದಲ್ಲಿ ಲೆಕ್ಕ ಬರೆಯುವವರಿಗೆ ಇಲ್ಲೊಂದು ತೊಡಕಿದೆ. ಗ್ನೂಕ್ಯಾಶ್‌ನಲ್ಲಿ ಖಾತೆಯ ಹೆಸರು, ವಿವರಣೆ ಕನ್ನಡದಲ್ಲೇ ಇಡಬಹುದು, ಮೆನುಗಳ ಕನ್ನಡ ಅನುವಾದವೂ ಇದೆ. ಆದರೆ ಕೀಬೋರ್ಡ್ ಕನ್ನಡ ವಿನ್ಯಾಸದಲ್ಲಿರುವಾಗ ದಿನಾಂಕದ ಈ ಅಕ್ಷರದ ಕೀಗಳು ಕೆಲಸ ಮಾಡುವುದಿಲ್ಲ, ಮೊತ್ತವನ್ನೂ ಇಂಗ್ಲಿಷ್ ಅಂಕಿಯಲ್ಲೇ ಹೊಡೆಯಬೇಕು. ಒಂದು ಎಂಟ್ರಿಗೆ ಎರಡು ಸಲ ವಿನ್ಯಾಸ ಬದಲಿಸುವುದು ಬೇಸರದ ಕೆಲಸ. ಅದನ್ನು ತಪ್ಪಿಸಲು ಬಿಲ್ಲುಗಳನ್ನು ಮೊದಲು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಒಂದು ಎಂಟ್ರಿ ಉಳಿಸಿದ ಮೇಲೆ ಮುಂದಿನ ಖಾಲಿ ಸಾಲು ಅದೇ ದಿನಾಂಕವನ್ನು ಇಟ್ಟುಕೊಂಡಿರುತ್ತದೆ. ಪ್ಲಸ್ ಒತ್ತಿದರೆ ಮುಂದಿನ ದಿನಕ್ಕೆ ಹೋಗುತ್ತದೆ, ಅಕ್ಷರದ ಕೀಗಳ ಅಗತ್ಯ ಬೀಳುವುದಿಲ್ಲ.

ಮೊತ್ತ, ಸ್ಪ್ಲಿಟ್

ಮೊತ್ತದ ಕಾಲಮ್ಮಿನಲ್ಲೇ ಲೆಕ್ಕ ಮಾಡಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 845*1.05 ಎಂದು ಹೊಡೆದು ಟ್ಯಾಬ್ ಒತ್ತಿದರೆ 887.25 ಆಗುತ್ತದೆ. ಜಿಎಸ್‌ಟಿ ಸೇರಿಸಲು ಕ್ಯಾಲ್ಕ್ಯುಲೇಟರ್ ಬೇಡ. ಲಕ್ಷದ ಕಾಮಾ ಹಾಕುವ ಗೊಡವೆಗೆ ಹೋಗಬೇಡಿ, 123456 ಎಂದು ಬರಿಯ ಅಂಕಿ ಹೊಡೆಯಿರಿ. 1250 ಹೊಡೆದದ್ದು 12.50 ಆಗುತ್ತಿದ್ದರೆ ಪ್ರಿಫರೆನ್ಸಸ್‌ನಲ್ಲಿ ದಶಮಾಂಶ ಬಿಂದುವನ್ನು ತಾನಾಗಿ ಹಾಕುವ ಗುರುತು ಬಿದ್ದಿದೆ ಎಂದರ್ಥ, ತೆಗೆದುಹಾಕಿ.

ಒಂದೇ ವಹಿವಾಟು ಹಲವು ಖಾತೆಗಳಿಗೆ ಹಂಚಿಹೋಗುವ ಸ್ಪ್ಲಿಟ್ ಎಂಟ್ರಿಗೆ ಸಂಬಳವೇ ಒಳ್ಳೆಯ ಉದಾಹರಣೆ. ಒಟ್ಟು 62,000, ಪಿಎಫ್ 1,800, ವೃತ್ತಿ ತೆರಿಗೆ 200, ಟಿಡಿಎಸ್ 2,500, ಕೈಗೆ ಬರುವುದು 57,500. ಬೇಸಿಕ್ ಲೆಡ್ಜರ್ ನೋಟದಲ್ಲಿ ಇದು ಒಂದೇ ಸಾಲಾಗಿ ಕಾಣುತ್ತದೆ, ಒಳಗಿನ ಭಾಗಗಳನ್ನು ತಿದ್ದಲು ಸ್ಪ್ಲಿಟ್ ಗುಂಡಿ ಒತ್ತಿ ತೆರೆಯಬೇಕು. ಆಟೋ-ಸ್ಪ್ಲಿಟ್ ನೋಟಕ್ಕೆ ಬದಲಿಸಿಕೊಂಡರೆ ಕರ್ಸರ್ ಇರುವ ಎಂಟ್ರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಳಸಾಲುಗಳ ನಡುವೆ ಟ್ಯಾಬ್ ಮಾತ್ರ ಬಳಸಿ. ಎಂಟರ್ ಎಲ್ಲ ತುಂಬಿ ಮುಗಿದ ಮೇಲೆ. ನಡುವೆಯೇ ಎಂಟ್ರಿ ಉಳಿದುಹೋದರೆ ಉಳಿಕೆ ಮೊತ್ತ ‘ಇಂಬ್ಯಾಲೆನ್ಸ್-ಐಎನ್‌ಆರ್’ ಎಂಬ ಖಾತೆಗೆ ಹೋಗುತ್ತದೆ. ಅಪ್‌ಗ್ರೇಡ್ ಆದ ಮೊದಲ ತಿಂಗಳು ವಾರಕ್ಕೊಮ್ಮೆ ಆ ಖಾತೆ ತೆರೆದು ನೋಡಿ, ಕೈತಪ್ಪಿದ್ದೆಲ್ಲ ಅಲ್ಲೇ ಸಿಗುತ್ತದೆ.

ಹಿಂದಿನ ತಿಂಗಳ ಸಂಬಳವನ್ನು ಎಳೆದು ತಂದು ಬಳಸುವವರು ಫೆಬ್ರವರಿಯಲ್ಲಿ ಎಚ್ಚರದಿಂದಿರಿ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200 ಇದ್ದದ್ದು 2025ರ ತಿದ್ದುಪಡಿಯ ನಂತರ ಫೆಬ್ರವರಿಗೆ ಮಾತ್ರ 300. ಜನವರಿಯ ಎಂಟ್ರಿ ಹಾಗೇ ಇಳಿದುಬಂದರೆ 100 ರೂಪಾಯಿ ತಾಳೆಯಾಗುವುದಿಲ್ಲ. ಬಾಡಿಗೆ, ಎಸ್‌ಐಪಿಯಂಥ ಬದಲಾಗದ ಮೊತ್ತಗಳನ್ನು ಕೈಯಲ್ಲಿ ಹೊಡೆಯುವುದನ್ನೇ ಬಿಟ್ಟು, ನಿಗದಿತ ದಿನಕ್ಕೆ ಎಂಟ್ರಿ ಬೀಳುವ ಶೆಡ್ಯೂಲ್ಡ್ ಟ್ರಾನ್ಸಾಕ್ಷನ್‌ಗೆ ಹಾಕಿಬಿಡಿ.

ಬ್ಯಾಂಕಿನ ಸ್ಟೇಟ್‌ಮೆಂಟ್ ಇಂಪೋರ್ಟ್

ಕೈಯಿಂದ ಹೊಡೆಯುವುದು ನಿಧಾನವಾಯಿತು ಎಂದು ಸಿಎಸ್‌ವಿ (ಕಾಮಾದಿಂದ ಬೇರ್ಪಡಿಸಿದ ಪಠ್ಯದ ಫೈಲು) ಇಂಪೋರ್ಟ್ ಕಡೆಗೆ ತಿರುಗುವವರಿಗೆ ಇದು ಒಳ್ಳೆಯ ದಾರಿ, ಆದರೆ ನಮ್ಮ ಬ್ಯಾಂಕುಗಳ ಫೈಲನ್ನು ಮೊದಲು ಶುಚಿ ಮಾಡಬೇಕು. ಮೇಲೆ ಹೆಸರು, ವಿಳಾಸ, ಐಎಫ್‌ಎಸ್‌ಸಿ ಇರುವ ಹತ್ತು-ಹದಿನೈದು ಸಾಲು, ಕೆಳಗೆ ಒಟ್ಟು ಮೊತ್ತದ ಸಾಲುಗಳು ಇರುತ್ತವೆ. ಇವನ್ನು ಬಿಡಲು ಇಂಪೋರ್ಟ್ ಪರದೆಯಲ್ಲೇ ಮೇಲಿನಿಂದ ಎಷ್ಟು, ಕೆಳಗಿನಿಂದ ಎಷ್ಟು ಎಂದು ಕೊಡಬಹುದು. ಕೆಲವು ಬ್ಯಾಂಕುಗಳು ಎಕ್ಸೆಲ್ ಎಂದು ಕೊಡುವ ಫೈಲು ನಿಜದಲ್ಲಿ ಟ್ಯಾಬ್‌ನಿಂದ ಬೇರ್ಪಡಿಸಿದ ಬರಿ ಪಠ್ಯ. ಲಿಬ್ರೆಆಫೀಸ್‌ನಲ್ಲಿ ತೆರೆದು ಸಿಎಸ್‌ವಿಯಾಗಿ ಉಳಿಸಿಕೊಳ್ಳಿ. ಅಲ್ಲೇ ಮೊತ್ತದ ಕಾಮಾಗಳನ್ನೂ ತೆಗೆದುಬಿಡಿ. ಕ್ರೆಡಿಟ್ ಕಾರ್ಡಿನಲ್ಲಿ ಮೊತ್ತದ ಬಾಲಕ್ಕೆ ‘ಸಿಆರ್’ ಅಂಟಿರುತ್ತದೆ, ಅದನ್ನು ಬೇರೆ ಕಾಲಮ್ಮಿಗೆ ಬಿಡಿಸಿ. ಹಿಂದೆ ಡೆಪಾಸಿಟ್, ವಿತ್‌ಡ್ರಾವಲ್ ಎಂದಿದ್ದ ಕಾಲಮ್ ಹೆಸರುಗಳು ಈಚಿನ ಆವೃತ್ತಿಗಳಲ್ಲಿ ‘ಅಮೌಂಟ್’, ‘ಅಮೌಂಟ್ ನೆಗೇಟೆಡ್’ ಎಂದಾಗಿವೆ. ಬ್ಯಾಂಕಿನಿಂದ ಹೋದ ದುಡ್ಡು ಎರಡನೆಯದು. ಹಳೆಯ ಇಂಪೋರ್ಟ್ ಸೆಟ್ಟಿಂಗ್ ಉಳಿಸಿಟ್ಟಿದ್ದರೂ ಮೊದಲ ಸಲ ಐದಾರು ಸಾಲು ಹಾಕಿ ಪರೀಕ್ಷಿಸಿ.

ಇಂಪೋರ್ಟ್ ಆದ ಸಾಲು ಯಾವ ಖಾತೆಗೆ ಸೇರಬೇಕು ಎಂಬುದನ್ನು ಗ್ನೂಕ್ಯಾಶ್ ಹಿಂದಿನವನ್ನು ನೋಡಿ ಕಲಿಯುತ್ತದೆ. ಯುಪಿಐ ಎಂಟ್ರಿಗಳಲ್ಲಿ ಮಾತ್ರ ಕಲಿಯುವಂತೆ ಕಾಣುವುದಿಲ್ಲ, ಪ್ರತಿ ಸಲವೂ ಕೈಯಲ್ಲೇ ಖಾತೆ ತೋರಿಸಬೇಕಾಗುತ್ತದೆ. ಕಾರಣ ಸರಳ. ಅದು ವಿವರಣೆಯನ್ನು ಪದಗಳಾಗಿ ಒಡೆಯುವುದು ಖಾಲಿ ಜಾಗ ಕಂಡಲ್ಲಿ ಮಾತ್ರ. ಯುಪಿಐ ವಿವರಣೆಯಲ್ಲಿ ವಹಿವಾಟಿನ ಸಂಖ್ಯೆ, ಅಂಗಡಿಯ ಹೆಸರು, ಬ್ಯಾಂಕಿನ ಸಂಕೇತ ಎಲ್ಲವೂ ಓರೆಗೆರೆಯಿಂದ ಅಂಟಿಕೊಂಡು ಒಂದೇ ಉದ್ದ ಪದವಾಗಿರುತ್ತವೆ. ವಹಿವಾಟಿನ ಸಂಖ್ಯೆ ಪ್ರತಿ ಸಲ ಬೇರೆ, ಹಾಗಾಗಿ ಆ ಪದ ಎರಡನೇ ಸಲ ಬರುವುದೇ ಇಲ್ಲ. ಇಂಪೋರ್ಟ್‌ಗೆ ಮೊದಲು ವಿವರಣೆಯ ಕಾಲಮ್ಮಿನಲ್ಲಿ ಓರೆಗೆರೆ ಮತ್ತು ಅಡ್ಡಗೆರೆಗಳನ್ನು ಖಾಲಿ ಜಾಗವಾಗಿ ಬದಲಿಸಿ. ಅಂಗಡಿಯ ಹೆಸರು ಬೇರೆ ಪದವಾಗಿ ನಿಲ್ಲುತ್ತದೆ, ಕೆಲವು ಸಲ ಹೇಳಿಕೊಟ್ಟ ಮೇಲೆ ಖಾತೆ ತಾನಾಗಿ ಬರತೊಡಗುತ್ತದೆ. ತಪ್ಪಾಗಿ ಕಲಿತದ್ದನ್ನು ಟೂಲ್ಸ್ ಮೆನುವಿನ ಇಂಪೋರ್ಟ್ ಮ್ಯಾಪ್ ಎಡಿಟರ್‌ನಲ್ಲಿ ಅಳಿಸಬಹುದು.

ಹೊಡೆಯುವಾಗ ನಡುನಡುವೆ ಪರದೆ ನಿಂತುಹೋಗುವುದಾದರೆ ಆಟೋಸೇವ್ ಅವಧಿ ನೋಡಿ. ಲೆಕ್ಕ ಉಳಿಯುವ ಮಾಮೂಲಿ ನಮೂನೆಯಾದ ಎಕ್ಸ್‌ಎಂಎಲ್‌ನ ದೊಡ್ಡ ಫೈಲನ್ನು 5 ನಿಮಿಷಕ್ಕೊಮ್ಮೆ ಪೂರ್ತಿ ಬರೆಯುವುದಕ್ಕೆ ಸಮಯ ಹಿಡಿಯುತ್ತದೆ. 15 ನಿಮಿಷ ಮಾಡಿದರೆ ಸಾಕು. ಡೇಟಾಬೇಸ್ ನಮೂನೆಯಾದ ಎಸ್‌ಕ್ಯೂಲೈಟ್‌ಗೆ ಬದಲಿಸಿದರೆ ಈ ತಡೆ ಇರುವುದಿಲ್ಲ, ಆದರೆ ಎಕ್ಸ್‌ಎಂಎಲ್‌ನಲ್ಲಿ ಉಳಿಸಿದಾಗಲೆಲ್ಲ ತಾನಾಗಿ ಬೀಳುವ ದಿನಾಂಕ ಸಹಿತ ಬ್ಯಾಕಪ್ ಕಾಪಿಗಳೂ ಇರುವುದಿಲ್ಲ. ಮನೆ ಲೆಕ್ಕಕ್ಕೆ ಎಕ್ಸ್‌ಎಂಎಲ್ ಮೇಲು.

ಇನ್ನು, ಅಪ್‌ಗ್ರೇಡ್ ಮಾಡಬೇಕೆ? ದಿನಕ್ಕೆ ಐದಾರು ಎಂಟ್ರಿ ಹಾಕುವ ಮನೆಗೆ 5ನೇ ಸರಣಿ ಧಾರಾಳವಾಗಿ ಸಾಕು, ನಡುಹೆಸರಿನ ಹುಡುಕಾಟ ಅವರಿಗೆ ಉಪಕಾರವೇ. ಷೇರು ವಹಿವಾಟಿಗೆ ಅದರಲ್ಲಿ ಬಂದ ಹೊಸ ಅಸಿಸ್ಟೆಂಟ್ ಕೂಡ ಚೆನ್ನಾಗಿದೆ. ಬೋನಸ್, ಡಿವಿಡೆಂಡ್‌ಗಳ ಸ್ಪ್ಲಿಟ್ ಕಟ್ಟುವ ತಲೆನೋವು ಕಡಿಮೆ. ಸಂಘ, ದೇವಸ್ಥಾನದ ಸಮಿತಿ, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳ ಲೆಕ್ಕವನ್ನು ತಿಂಗಳಿಗೆ ನೂರಾರು ರಸೀದಿಗಳಿಂದ ಕೈಯಲ್ಲೇ ಹೊಡೆಯುವವರು, ಈಗ 4 ಸರಿಯಾಗಿ ನಡೆಯುತ್ತಿದ್ದರೆ ಹಣಕಾಸು ವರ್ಷದ ನಡುವೆ ಬದಲಿಸಬೇಡಿ. ಮಾರ್ಚ್ ಲೆಕ್ಕ ಮುಗಿಸಿ ಏಪ್ರಿಲ್‌ನಲ್ಲಿ ಬದಲಿಸಿ.

ಬದಲಿಸುವಾಗ 2.6ರಿಂದ ನೇರ 5ಕ್ಕೆ ಹಾರದೆ, 3 ಮತ್ತು 4ರ ಕೊನೆಯ ಬಿಡುಗಡೆಗಳಲ್ಲಿ ಫೈಲನ್ನು ಒಮ್ಮೊಮ್ಮೆ ತೆರೆದು, ತಪ್ಪು ಹುಡುಕಿ ಸರಿಪಡಿಸುವ ಚೆಕ್ ಆಂಡ್ ರಿಪೇರ್ ನಡೆಸಿ, ಉಳಿಸಿ ಮುಂದೆ ಹೋಗಿ. ಹೊಸದರಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯದೇ ಹೋಗಬಹುದು, ತನಗೆ ಗೊತ್ತಿಲ್ಲದ ಸೌಲಭ್ಯ ಇದರಲ್ಲಿದೆ ಎಂದು ಹಳೆಯದು ನಿರಾಕರಿಸುತ್ತದೆ. ಆದ್ದರಿಂದ ಹಳೆಯ ಆವೃತ್ತಿಯ ಕೊನೆಯ ಕಾಪಿಯನ್ನು ಬೇರೆ ಫೋಲ್ಡರಿನಲ್ಲಿ, ಬೇರೆ ಹೆಸರಿನಲ್ಲಿ ಇಡಿ. ತಾನಾಗಿ ಬೀಳುವ ಬ್ಯಾಕಪ್‌ಗಳನ್ನು ನಂಬಿ ಕೂರಬೇಡಿ: ಸೆಟ್ಟಿಂಗ್ ಬದಲಿಸದಿದ್ದರೆ 30 ದಿನಕ್ಕೆ ಗ್ನೂಕ್ಯಾಶ್ ಅವನ್ನು ಅಳಿಸಿಹಾಕುತ್ತದೆ.